ಹಳೆಯ ಜೀಪಿನ ಎರಡನೆಯ ಎಂಜಿನ್

ವಾಹನವನ್ನು ಅದರ ಮೂಲರೂಪಕ್ಕೆ ತರುವ ಜೀರ್ಣೋದ್ಧಾರವನ್ನೂ ಅದನ್ನು ಹೊಸ ಅಗತ್ಯಕ್ಕೆ ಹೊಂದಿಸುವ ಮಾರ್ಪಾಡನ್ನೂ ಇಂದಿನ ಹವ್ಯಾಸಿಗಳು ಒಂದಕ್ಕೊಂದು ವಿರುದ್ಧವಾದ ಕೆಲಸಗಳೆಂದು ಎಣಿಸುತ್ತಾರೆ. ಆದರೆ ಭಾರತದಲ್ಲಿ ಹಳೆಯ ಜೀಪುಗಳು ಉಳಿದು ಬಂದ ಬಗೆಯನ್ನು ಪರಿಶೀಲಿಸಿದರೆ, ಇವೆರಡೂ ಬಹುಕಾಲ ಒಂದೇ ಶೆಡ್ಡಿನಲ್ಲಿ, ಒಂದೇ ಕೈಗಳಿಂದ, ಒಂದೇ ಉದ್ದೇಶಕ್ಕಾಗಿ ನಡೆದ ಕೆಲಸಗಳಾಗಿದ್ದವು ಎಂಬುದು ಕಂಡುಬರುತ್ತದೆ. 1950ರ ದಶಕದ ಜೀಪೊಂದು ಮಲೆನಾಡಿನ ಅಥವಾ ಕೊಡಗಿನ ಕಾಫಿ ತೋಟದಲ್ಲಿ ಇಂದಿಗೂ ಗೊಬ್ಬರದ ಮೂಟೆ ಹೊತ್ತು ಏರು ಹತ್ತುತ್ತಿದ್ದರೆ, ಅದರ ಬಾನೆಟ್ಟಿನ ಕೆಳಗೆ ಕಾರ್ಖಾನೆಯಿಂದ ಬಂದ ಪೆಟ್ರೋಲ್ ಎಂಜಿನ್ ಇರುವ ಸಂಭವ ಕಡಿಮೆ. ಆ ಎಂಜಿನ್ನನ್ನು ಕಿತ್ತು ಬೇರೊಂದನ್ನು ಕೂರಿಸಿದ್ದರಿಂದಲೇ ಉಳಿದ ಭಾಗವೆಲ್ಲ ಗುಜರಿಗೆ ಹೋಗದೆ ಬದುಕಿತೆಂದು ಹೇಳಬೇಕಾಗುತ್ತದೆ.

ಇಂಥ ಬದಲಾವಣೆಗೆ ಜೀಪು ಸುಲಭವಾಗಿ ಒಗ್ಗಿದ್ದಕ್ಕೆ ಕಾರಣ ಅದರ ಹುಟ್ಟಿನಲ್ಲಿಯೇ ಇದೆ. 1940ರ ಜುಲೈ ತಿಂಗಳಲ್ಲಿ ಅಮೆರಿಕದ ಸೇನೆಯು ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹರಿಯುವ ಹಗುರವಾದ ವಾಹನವೊಂದಕ್ಕಾಗಿ 135 ಕಂಪನಿಗಳನ್ನು ಆಹ್ವಾನಿಸಿತು. ಗಡುವು ಬಹಳ ಬಿಗಿಯಾಗಿದ್ದುದರಿಂದ ಹೆಚ್ಚಿನವು ಹಿಂದೆ ಸರಿದವು, ಅಮೆರಿಕನ್ ಬ್ಯಾಂಟಮ್ ಎಂಬ ಚಿಕ್ಕ ಕಂಪನಿ ಮಾತ್ರ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರ್ ಹಾಕಿಕೊಟ್ಟ ನಕ್ಷೆಯನ್ನು ಹಿಡಿದು ಅದೇ ವರ್ಷದ ಸೆಪ್ಟೆಂಬರ್ 23ರಂದು ಮೊದಲ ಮಾದರಿಯನ್ನು ಸೇನೆಗೆ ಒಪ್ಪಿಸಿತು. ಮುಂದೆ ದೊಡ್ಡ ಪ್ರಮಾಣದ ತಯಾರಿಕೆ ವಿಲ್ಲಿಸ್-ಓವರ್‌ಲ್ಯಾಂಡ್ ಕಂಪನಿಯ ಪಾಲಾಯಿತು, ವಿಲ್ಲಿಸ್ ನಕ್ಷೆಯ ಮೇಲೆಯೇ ಫೋರ್ಡ್ ಕಂಪನಿಯೂ ಜೀಪುಗಳನ್ನು ತಯಾರಿಸಿತು. 1945ರ ಹೊತ್ತಿಗೆ ಇವೆಲ್ಲ ಸೇರಿ ಸುಮಾರು 6.4 ಲಕ್ಷ ಜೀಪುಗಳು ಹೊರಬಂದಿದ್ದವು. ಒಂದು ಕಂಪನಿಯ ಜೀಪಿನ ಬಿಡಿಭಾಗ ಇನ್ನೊಂದರದಕ್ಕೆ ಕೂರಬೇಕೆಂಬುದು ಸೇನೆಯ ಷರತ್ತಾಗಿತ್ತು. ತಗಡು ಬಹುಪಾಲು ಚಪ್ಪಟೆ, ತಿರುವುಗಳು ಕಡಿಮೆ, ಬೋಲ್ಟುಗಳು ಕೈಗೆಟಕುವಂತಿದ್ದವು. ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿ, ಬ್ಲಾಕಿನೊಳಗೇ ಇರುವ 2.2 ಲೀಟರಿನ, 60 ಅಶ್ವಶಕ್ತಿಯ ಎಂಜಿನ್ ಕಳಪೆ ಪೆಟ್ರೋಲನ್ನೂ ಸಹಿಸಿಕೊಳ್ಳುತ್ತಿತ್ತು, ಏಕೆಂದರೆ ಇಂಧನ ಮತ್ತು ಗಾಳಿಯ ಮಿಶ್ರಣವನ್ನು ಅದು ಒತ್ತುವ ಪ್ರಮಾಣ 6.48ಕ್ಕೆ 1ರಷ್ಟು ಮಾತ್ರ. ರಣರಂಗದ ಮಣ್ಣಿನಲ್ಲಿ ಸಾಮಾನ್ಯ ಸಿಪಾಯಿ ರಿಪೇರಿ ಮಾಡಲೆಂದು ರೂಪಿಸಿದ್ದನ್ನು ಹತ್ತಾರು ವರ್ಷಗಳ ನಂತರ ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಬಿಚ್ಚುವುದು ಕಷ್ಟವೇನೂ ಆಗಲಿಲ್ಲ.

ಭಾರತಕ್ಕೆ ಜೀಪು ಬಂದದ್ದು ಎರಡನೆಯ ಮಹಾಯುದ್ಧದ ಬರ್ಮಾ ರಂಗದ ನೆಪದಲ್ಲಿ. 1943ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಅಮೆರಿಕದ ಸೇನಾ ವಾಯುಪಡೆಯ ದುರಸ್ತಿ ನೆಲೆಯಾಗಿ ಮಾರ್ಪಟ್ಟಾಗ, ಯುದ್ಧರಂಗದಿಂದ ದೂರವಿದ್ದ ಈ ಭಾಗವೂ ಅಮೆರಿಕದ ಸೈನಿಕರನ್ನೂ ಅವರ ವಾಹನಗಳನ್ನೂ ಕಂಡಿತು. ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಸಾಮಗ್ರಿ ಮಾರಾಟಕ್ಕೆ ಬಂತು, ‘ಡಿಸ್ಪೋಸಲ್’ ಎಂದೇ ಹೆಸರಾದ ಆ ಮಾರಾಟಗಳ ಮೂಲಕ ಜೀಪುಗಳು ಖಾಸಗಿಯವರ ಕೈಸೇರಿದವು. ಇವುಗಳ ಸ್ಟಿಯರಿಂಗ್ ಎಡಕ್ಕಿತ್ತು. ಕೆಲವರು ಸ್ಟಿಯರಿಂಗ್ ಪೆಟ್ಟಿಗೆಯನ್ನೂ ಪೆಡಲುಗಳನ್ನೂ ಬಲಕ್ಕೆ ವರ್ಗಾಯಿಸಿಕೊಂಡರು, ಉಳಿದವರು ವಾಹನದ ಹಿಂಬದಿಯಲ್ಲಿ ‘ಲೆಫ್ಟ್ ಹ್ಯಾಂಡ್ ಡ್ರೈವ್’ ಎಂದು ದೊಡ್ಡದಾಗಿ ಬರೆಸಿ ಹಾಗೆಯೇ ಓಡಿಸಿದರು. 1988ರ ಮೋಟಾರು ವಾಹನ ಕಾಯ್ದೆಯ 120ನೆಯ ಕಲಮು ಕೂಡ ಎಡ ಸ್ಟಿಯರಿಂಗಿನ ವಾಹನವನ್ನು ಪೂರ್ತಿ ನಿಷೇಧಿಸದೆ, ಅದಕ್ಕೆ ಸಂಕೇತ ತೋರಿಸುವ ಸಾಧನ ಇರಬೇಕೆಂದಷ್ಟೇ ವಿಧಿಸುತ್ತದೆ. ಯುದ್ಧ ಮುಗಿದ ಕಾಲದಲ್ಲಿಯೇ ಫಿಲಿಪ್ಪೀನ್ಸಿನ ಮನಿಲಾದಲ್ಲಿಯೂ ಉಳಿದುಹೋದ ಸೇನಾ ಜೀಪುಗಳನ್ನು ಹಿಂದಕ್ಕೆ ಉದ್ದ ಮಾಡಿ, ಮಾಡು ಕಟ್ಟಿ, ‘ಜೀಪ್ನಿ’ ಎಂಬ ಬಾಡಿಗೆ ವಾಹನ ಮಾಡಿಕೊಂಡರು.

ಡಿಸ್ಪೋಸಲ್ ಜೀಪುಗಳಷ್ಟೇ ಇದ್ದಿದ್ದರೆ ಬಿಡಿಭಾಗಗಳು ಮುಗಿದೊಡನೆ ಕಥೆಯೂ ಮುಗಿಯುತ್ತಿತ್ತು. ಹಾಗಾಗಲಿಲ್ಲ. 1945ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂಬ ಹೆಸರಿನಲ್ಲಿ ಆರಂಭವಾಗಿ, ಪಾಲುದಾರರಾಗಿದ್ದ ಗುಲಾಮ್ ಮೊಹಮ್ಮದರು ಪಾಕಿಸ್ತಾನಕ್ಕೆ ಹೋದ ಬಳಿಕ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಎಂದಾದ ಮುಂಬಯಿಯ ಕಂಪನಿಯು ಆ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳ ಭಾಗಗಳನ್ನು ತರಿಸಿ ಜೋಡಿಸತೊಡಗಿತು, ಕ್ರಮೇಣ ಅವುಗಳನ್ನು ಇಲ್ಲಿಯೇ ತಯಾರಿಸಿತು. ಭಾರತದಲ್ಲಿ ಬೇರೂರಿದ ಮಾದರಿ ಸಿಜೆ-3ಬಿ. ಅಮೆರಿಕದಲ್ಲಿ 1953ರಲ್ಲಿ ಬಂದ ಈ ಮಾದರಿಯಲ್ಲಿ ಒಳಸೇರಿಕೆಯ ವಾಲ್ವನ್ನು ಸಿಲಿಂಡರಿನ ಮೇಲಕ್ಕೆ ಒಯ್ದು ಶಕ್ತಿ ಹೆಚ್ಚಿಸಿದ ‘ಹರಿಕೇನ್’ ಎಂಜಿನ್ ಇತ್ತು, ಅದು ಎತ್ತರವಾದ್ದರಿಂದ ಬಾನೆಟ್ಟನ್ನೂ ಮುಂದಿನ ಗ್ರಿಲ್ಲನ್ನೂ ಎತ್ತರಿಸಬೇಕಾಯಿತು. ಯುದ್ಧಕಾಲದ ತಗ್ಗು ಮೂತಿಯ ಜೀಪನ್ನು ಮೆಚ್ಚಿದವರಿಗೆ ಈ ಎತ್ತರದ ಮೂತಿ ಎಂದೂ ಪೂರ್ತಿ ಹಿಡಿಸಲಿಲ್ಲ. ಅಮೆರಿಕದಲ್ಲಿ 1968ರಲ್ಲಿ ನಿಂತುಹೋದ ಈ ಮಾದರಿಯ ವಂಶ ಭಾರತದಲ್ಲಿ ಮುಂದೆಯೂ ದಶಕಗಟ್ಟಲೆ ನಡೆಯಿತು. ಬೇರೆ ದೇಶಗಳ ಹವ್ಯಾಸಿಗಳು ಹುಡುಕಾಡುವ ಎಷ್ಟೋ ಭಾಗಗಳು ಇಲ್ಲಿ ಅಂಗಡಿಯಲ್ಲಿ ಹೊಸದಾಗಿಯೇ ಸಿಗುತ್ತಿದ್ದುದಕ್ಕೆ ಇದೇ ಕಾರಣ.

ಎಂಜಿನ್ ಬದಲಾವಣೆಯ ಚರಿತ್ರೆ ಮುಖ್ಯವಾಗಿ ಇಂಧನದ ಬೆಲೆಯ ಚರಿತ್ರೆ. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲಿನ ಬೆಲೆ ಏರಿತು. ಕೃಷಿ ಮತ್ತು ಸಾಗಣೆಗೆ ಬೇಕಾದ ಡೀಸೆಲ್ಲನ್ನು ಸರ್ಕಾರ ಅಗ್ಗವಾಗಿಟ್ಟಿತು. ಪೆಟ್ರೋಲ್ ಬೆಲೆಯ ಮೇಲಿನ ನಿಯಂತ್ರಣ 2010ರ ಜೂನ್‌ನಲ್ಲಿ, ಡೀಸೆಲ್ ಮೇಲಿನದು 2014ರ ಅಕ್ಟೋಬರ್‌ನಲ್ಲಿ ಹೋಗುವವರೆಗೂ ಈ ಅಂತರ ಒಂದಲ್ಲ ಒಂದು ರೂಪದಲ್ಲಿ ಮುಂದುವರಿಯಿತು. ದಿನವಿಡೀ ಮೊದಲ ಮತ್ತು ಎರಡನೆಯ ಗೇರಿನಲ್ಲಿ ಏರು ಹತ್ತುವ ತೋಟದ ಜೀಪಿನ ಮಾಲೀಕನಿಗೆ ಪೆಟ್ರೋಲ್ ಎಂಜಿನ್ ಭಾರವಾಯಿತು. ಮಹೀಂದ್ರ ಕಂಪನಿಯೂ ಈ ಒತ್ತಡಕ್ಕೆ ಮಣಿದು, ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರಿನ ಎಂಜಿನ್ನಿನಿಂದ ಬಂದ ಸುಮಾರು 2350 ಸಿಸಿಯ ಡೀಸೆಲ್ಲನ್ನು ಜೀಪಿಗಿಟ್ಟಿತು, ಬಳಿಕ ಪೂಜೋ ಕಂಪನಿಯ ಪರವಾನಗಿಯಲ್ಲಿ ತಯಾರಾದ ಎಂಜಿನ್ನನ್ನು ತಂದಿತು. ಹಳೆಯ ಪೆಟ್ರೋಲ್ ಜೀಪು ಹೊಂದಿದವರು ಇವುಗಳನ್ನಾಗಲಿ, ಮದರಾಸಿನ ಸಿಂಪ್ಸನ್ ತಯಾರಿಸುತ್ತಿದ್ದ ಪರ್ಕಿನ್ಸ್ ಎಂಜಿನ್ನನ್ನಾಗಲಿ, ಮ್ಯಾಟಡೋರ್ ವ್ಯಾನಿನದನ್ನಾಗಲಿ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ಕೂರಿಸಿಕೊಂಡರು. ಸೇನೆಗಾಗಿ ಜಬಲ್‌ಪುರದಲ್ಲಿ 1969ರಿಂದ ತಯಾರಾದ, ನಿಸ್ಸಾನ್ ಪಟ್ರೋಲ್ ಎಂಬ ಜಪಾನಿ ಮಾದರಿಯನ್ನು ಆಧರಿಸಿದ ಜೋಂಗಾ ವಾಹನಕ್ಕೂ ಹರಾಜಿನಲ್ಲಿ ಖಾಸಗಿಯವರ ಕೈಗೆ ಬಂದ ಮೇಲೆ ಇದೇ ಗತಿ. ಸುಮಾರು 4 ಲೀಟರಿನ ಅದರ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನನ್ನು ಸಾಕುವುದು ಸಾಮಾನ್ಯರಿಗೆ ಆಗದ ಮಾತು.

ಹೊರಗಿನವರಿಗೆ ಎಂಜಿನ್ ಬದಲಾವಣೆಯೆಂದರೆ ಒಂದನ್ನು ಎತ್ತಿ ಇನ್ನೊಂದನ್ನು ಇಳಿಸುವ ಕೆಲಸವಾಗಿ ಕಂಡರೂ, ಒಂದು ಬದಲಾವಣೆ ಹತ್ತನ್ನು ಬೇಡುತ್ತದೆಂಬುದು ಕಸುಬಿನವರಿಗೆ ತಿಳಿದ ವಿಷಯ. ಡೀಸೆಲ್ ಎಂಜಿನ್ ಹೆಚ್ಚು ತೂಕವಾದ್ದರಿಂದ ಮುಂದಿನ ಕಮಾನು ಪಟ್ಟಿಗೆ ಇನ್ನೊಂದು ಪಟ್ಟಿ ಸೇರಿಸಬೇಕು. ಎಂಜಿನ್ನನ್ನು ಹೊರುವ ಮೌಂಟುಗಳ ಜಾಗ ಬೇರೆಯಾದ್ದರಿಂದ ಚಾಸಿಗೆ ಹೊಸ ಬ್ರಾಕೆಟ್ಟನ್ನು ಬೆಸೆಯಬೇಕು. ಆ ಬೆಸುಗೆ ಅವಸರದಲ್ಲಿ ಆಗಿದ್ದರೆ ಡೀಸೆಲ್ಲಿನ ಅದುರಾಟಕ್ಕೆ ಚಾಸಿ ಅಲ್ಲಿಯೇ ಬಿರುಕು ಬಿಡುತ್ತದೆ. ಎಂಜಿನ್ನನ್ನು ಹಳೆಯ ಗೇರ್‌ಬಾಕ್ಸಿಗೆ ಜೋಡಿಸುವ ದಪ್ಪ ಪ್ಲೇಟನ್ನು ಲೇತಿನಲ್ಲಿ ಕಡೆಸಬೇಕು, ಅದರ ರಂಧ್ರಗಳ ಮಧ್ಯರೇಖೆ ಕೂದಲೆಳೆಯಷ್ಟು ತಪ್ಪಿದರೂ ಗೇರ್‌ಬಾಕ್ಸಿನ ಬೇರಿಂಗ್ ಬಹಳ ದಿನ ಬಾಳುವುದಿಲ್ಲ. ಯುದ್ಧಕಾಲದ ಜೀಪಿನ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. ಡೀಸೆಲ್ ಎಂಜಿನ್ನನ್ನು ತಿರುಗಿಸುವ ದೊಡ್ಡ ಸ್ಟಾರ್ಟರಿಗೂ ಚಳಿಯಲ್ಲಿ ಸಿಲಿಂಡರನ್ನು ಬಿಸಿಮಾಡುವ ಗ್ಲೋ ಪ್ಲಗ್ಗುಗಳಿಗೂ ಅದು ಸಾಲದು, ಆದ್ದರಿಂದ ಬ್ಯಾಟರಿಯಿಂದ ಹಿಡಿದು ದೀಪದ ಬಲ್ಬಿನವರೆಗೆ ಎಲ್ಲವೂ 12 ವೋಲ್ಟಿಗೆ ಬದಲಾಗಬೇಕಾಗುತ್ತದೆ. ಟ್ರ್ಯಾಕ್ಟರ್ ಮೂಲದ ಎಂಜಿನ್ ನಿಧಾನವಾಗಿ ಸುತ್ತುವಂಥದ್ದು, ನಾಗರಿಕ ಜೀಪಿನ ಡಿಫರೆನ್ಷಿಯಲ್ ಮಾತ್ರ ಚಕ್ರ ಒಮ್ಮೆ ಸುತ್ತಬೇಕಾದರೆ ಎಂಜಿನ್ ಕಡೆಯ ಶಾಫ್ಟು 5.38 ಸಲ ಸುತ್ತುವಂತೆ ಮಾಡಿದ್ದು. ಇವೆರಡೂ ಕೂಡಿದಾಗ ಹೆದ್ದಾರಿಯಲ್ಲಿ ವೇಗ ಬರುವುದಿಲ್ಲ, ಘಟ್ಟದ ದಾರಿಯಲ್ಲಿ ಅದರ ಅಗತ್ಯವೂ ಬೀಳುವುದಿಲ್ಲ. ಮೊದಲ ಗೇರಿಗೆ ಸಿಂಕ್ರೊಮೆಷ್, ಅಂದರೆ ಎರಡು ಹಲ್ಲುಗಾಲಿಗಳ ವೇಗವನ್ನು ತಾನೇ ಹೊಂದಿಸುವ ಬಳೆ, ಇಲ್ಲದ ಕಾರಣ ಓಡುತ್ತಿರುವಾಗ ಆ ಗೇರಿಗೆ ಇಳಿಯಲು ಕ್ಲಚ್ಚನ್ನು ಎರಡು ಸಲ ತುಳಿಯುವ ಅಭ್ಯಾಸ ಎಂಜಿನ್ ಬದಲಾದರೂ ಬದಲಾಗಲಿಲ್ಲ.

ಈ ಕೆಲಸ ನಡೆದದ್ದು ಕಂಪನಿಗಳ ಅಧಿಕೃತ ಸರ್ವಿಸ್ ಕೇಂದ್ರಗಳಲ್ಲಿ ಅಲ್ಲ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹಳೆಯ ಭಾಗಗಳನ್ನು, ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹೊಸ ಭಾಗಗಳನ್ನು ತಂದು, ಊರಿನ ಲೇತ್ ಅಂಗಡಿ, ವೆಲ್ಡಿಂಗ್ ಶಾಪು, ಟಿಂಕರಿಂಗ್ ಮೇಸ್ತ್ರಿ ಇವರ ನೆರವಿನಲ್ಲಿ ತೋಟದ ಶೆಡ್ಡಿನಲ್ಲಿಯೇ ಮುಗಿಸಿಕೊಳ್ಳುವುದು ರೂಢಿಯಾಗಿತ್ತು. ಉತ್ತರದಲ್ಲಿ ಹರಿಯಾಣದ ಮಂಡಿ ಡಬ್ವಾಲಿ ಎಂಬ ಊರು ಇದನ್ನೇ ಉದ್ಯಮವಾಗಿ ಬೆಳೆಸಿಕೊಂಡು, ಹಳೆಯ ಭಾಗಗಳ ಮೇಲೆ ಹೊಸ ತಗಡಿನ ಮೈ ಹೊದಿಸಿದ, ‘ಲಂಡಿ’ ಎಂದು ಕರೆಯಲಾಗುವ ತೆರೆದ ಜೀಪುಗಳಿಗೆ ಪ್ರಸಿದ್ಧವಾಯಿತು. ಅಲ್ಲಿನ ಅಗಲವಾದ ಚಕ್ರ, ಮಿನುಗುವ ಬಂಪರುಗಳ ಶೋಕಿಗೂ ಮಲೆನಾಡಿನ ಮಾರ್ಪಾಡಿಗೂ ಹೋಲಿಕೆಯಿಲ್ಲ; ಇಲ್ಲಿ ಮಳೆ ತಡೆಯುವ ಟಾರ್ಪಾಲು, ಆಳು ಮತ್ತು ಮೂಟೆಗೆ ಜಾಗವಾಗುವ ಹಿಂಬದಿ, ಕೆಸರಿನಲ್ಲಿ ಚಕ್ರಕ್ಕೆ ಸುತ್ತುವ ಸರಪಳಿ ಇಷ್ಟೇ ಮುಖ್ಯವಾಗಿದ್ದವು.

ಮಲೆನಾಡಿನಲ್ಲಿ ಜೀಪಿಗೆ ಎಂಜಿನ್ನಿಗಿಂತ ದೊಡ್ಡ ಶತ್ರು ತುಕ್ಕು. ಯುದ್ಧಕಾಲದ ಜೀಪಿನ ನೆಲದ ತಗಡಿಗೆ ಬಲ ಕೊಡಲು ಅದರ ಅಡಿಯಲ್ಲಿ ಟೋಪಿಯಾಕಾರದಲ್ಲಿ ಬಗ್ಗಿಸಿದ ಉಕ್ಕಿನ ಪಟ್ಟಿಗಳನ್ನು ಬೆಸೆದು, ಅವುಗಳ ಒಳಗೆ ಮರದ ತುಂಡುಗಳನ್ನು ತುಂಬಿದ್ದರು. ಒಮ್ಮೆ ನೀರು ಒಳಹೊಕ್ಕರೆ ಮರ ಅದನ್ನು ಬಿಟ್ಟುಕೊಡುವುದಿಲ್ಲ. ಮೇಲಿನ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನಿಂದ ತಗಡು ಹಪ್ಪಳವಾಗಿರುತ್ತದೆ, ಸ್ಕ್ರೂಡ್ರೈವರಿನ ತುದಿ ಒತ್ತಿದರೆ ಸಲೀಸಾಗಿ ಆಚೆ ಹೋಗುತ್ತದೆ. ಚಾಲಕನ ಸೀಟಿನ ಕೆಳಗೆ ಪೆಟ್ರೋಲ್ ಟ್ಯಾಂಕು ಕೂರುವ ತಗ್ಗು ಗುಂಡಿ ಕೊಳೆಯುವ ಇನ್ನೊಂದು ಜಾಗ. ಮನೆಯ ಶೆಡ್ಡಿನಲ್ಲಿ ಜೀರ್ಣೋದ್ಧಾರ ಮಾಡುವವರ ಬಹುಪಾಲು ಸಮಯ ಹೋಗುವುದು ಇಂಥ ಜಾಗಗಳಲ್ಲಿ ಕೊಳೆತ ತಗಡನ್ನು ಕತ್ತರಿಸಿ ಹೊಸ ತುಂಡು ಬೆಸೆಯುವುದರಲ್ಲಿ, ತಂತಿ ಬ್ರಷ್ಷಿನಿಂದ ಉಜ್ಜಿ ರೆಡ್ ಆಕ್ಸೈಡ್ ಬಳಿಯುವುದರಲ್ಲಿ. ಕೊಳೆತ ತಗಡಿನ ಮೇಲೆಯೇ ಪುಟ್ಟಿ ಮೆತ್ತಿ ಬಣ್ಣ ಹೊಡೆದು ಮಾರುವ ಚಾಳಿಯೂ ಈ ಕಸುಬಿನಷ್ಟೇ ಹಳೆಯದು.

ಜೀಪು ದುಡಿಮೆಯ ಸಾಧನವಾಗಿದ್ದಷ್ಟು ಕಾಲ ‘ಒರಿಜಿನಲ್’ ಎಂಬುದು ಯಾರ ಚಿಂತೆಯೂ ಆಗಿರಲಿಲ್ಲ. ತೋಟದ ಕೆಲಸಕ್ಕೆ ಮಾರುತಿ ಜಿಪ್ಸಿಯೂ ಪಿಕಪ್ ವಾಹನಗಳೂ ಬಂದು, ಹಳೆಯ ಜೀಪು ಬಿಡುವಿನ ದಿನದ ವಾಹನವಾದ ಮೇಲೆಯೇ ಆ ಪ್ರಶ್ನೆ ಹುಟ್ಟಿತು. ಆಗ ಕಣ್ಣುಗಳು ಬೇರೆ ಜಾಗಗಳನ್ನು ಹುಡುಕತೊಡಗಿದವು. ಯುದ್ಧಕಾಲದ ವಿಲ್ಲಿಸ್ ಜೀಪಿನ ಚಾಸಿಯ ಮುಂಭಾಗದಲ್ಲಿ, ರೇಡಿಯೇಟರಿನ ಕೆಳಗೆ ಅಡ್ಡಲಾಗಿರುವ ತೊಲೆ ಗುಂಡನೆಯ ಕೊಳವೆ. ಫೋರ್ಡಿನದು ಬೋರಲು ಹಾಕಿದ ಚೌಕನೆಯ ಕಾಲುವೆಯಂಥದ್ದು. ಫೋರ್ಡ್ ತನ್ನ ಬೋಲ್ಟುಗಳ ತಲೆಯ ಮೇಲೂ ‘ಎಫ್’ ಅಕ್ಷರ ಒತ್ತಿಸಿತ್ತು, ಆದ್ದರಿಂದ ಒಂದೊಂದೇ ಬೋಲ್ಟನ್ನು ಸೀಮೆಎಣ್ಣೆಯಲ್ಲಿ ತೊಳೆದು ಅಕ್ಷರ ಹುಡುಕುವ ಹವ್ಯಾಸಿಗಳಿದ್ದಾರೆ. ಸೇನೆ ಬಯಸಿದಂತೆಯೇ ಎಂಬತ್ತು ವರ್ಷಗಳಲ್ಲಿ ಎರಡೂ ಕಂಪನಿಗಳ ಭಾಗಗಳು ಪರಸ್ಪರ ಬೆರೆತುಹೋಗಿರುವಾಗ ಶುದ್ಧ ಫೋರ್ಡ್, ಶುದ್ಧ ವಿಲ್ಲಿಸ್ ಎಂಬ ಹುಡುಕಾಟವು ಆ ವಾಹನದ ಚರಿತ್ರೆಗೆ ಸ್ವಲ್ಪ ಅನ್ಯಾಯವನ್ನೇ ಮಾಡುತ್ತದೆ.

ಕಾನೂನು ಈ ವಿಷಯದಲ್ಲಿ ಹವ್ಯಾಸಿಗಳ ಪಕ್ಷ ವಹಿಸಿದೆ, ಮೇಸ್ತ್ರಿಗಳ ಪಕ್ಷವನ್ನಲ್ಲ. 1988ರ ಕಾಯ್ದೆಯ 52ನೆಯ ಕಲಮು ಮೊದಲಿಗೆ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಪಡೆದು ಮಾರ್ಪಾಡು ಮಾಡಲು ಅವಕಾಶವಿಟ್ಟಿತ್ತು. ಹಾಗೆ ಒಪ್ಪಿಗೆ ಪಡೆದವರ ಆರ್.ಸಿ. ಪುಸ್ತಕದಲ್ಲಿ ಇಂಧನದ ನಮೂದು ಪೆಟ್ರೋಲಿನಿಂದ ಡೀಸೆಲ್ಲಿಗೆ ಬದಲಾಗುತ್ತಿತ್ತು. 2000ದ ತಿದ್ದುಪಡಿ ಇದನ್ನು ಬಿಗಿಗೊಳಿಸಿತು. ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪಿತ್ತಿತು. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ ಭಾಗವು ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ವಾಹನಗಳನ್ನು ‘ವಿಂಟೇಜ್’ ಎಂದು ಗುರುತಿಸಿ, ‘ವಿಎ’ ಎಂಬ ಅಕ್ಷರಗಳಿರುವ ಪ್ರತ್ಯೇಕ ಸಂಖ್ಯೆ ನೀಡುವ ಏರ್ಪಾಡು ಮಾಡಿತು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಅಂಥ ವಾಹನ ಮೂಲರೂಪದಲ್ಲಿರಬೇಕು, ಚಾಸಿ, ಮೈ, ಎಂಜಿನ್ ಇವುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎಂಬುದು ಅದರ ವ್ಯಾಖ್ಯೆ. ಡೀಸೆಲ್ ಎಂಜಿನ್ ಹೊತ್ತು ನಾಲ್ಕು ದಶಕ ದುಡಿದ, ಕೊಳೆತ ಮೈಗೆ ಹೊಸ ತಗಡು ಕಂಡ ತೋಟದ ಜೀಪು ಈ ವ್ಯಾಖ್ಯೆಯೊಳಗೆ ಬರುವುದು ಕಷ್ಟ.

ಇದರ ಪರಿಣಾಮವಾಗಿ, ಒಂದು ಕಾಲದಲ್ಲಿ ತೂಕಕ್ಕೆ ಮಾರಿದ ಹರಿಕೇನ್ ಎಂಜಿನ್ನಿಗೆ ಈಗ ಬೇಡಿಕೆ ಬಂದಿದೆ. ಮಾರ್ಪಾಡನ್ನು ಹಿಂದಕ್ಕೆ ತಿರುಗಿಸುವ ಈ ಕೆಲಸದಲ್ಲಿ ಹೆಚ್ಚುವರಿ ಕಮಾನು ಪಟ್ಟಿಯನ್ನು ಬಿಚ್ಚುವುದು, ಬೆಸೆದ ಬ್ರಾಕೆಟ್ಟನ್ನು ಕತ್ತರಿಸಿ ಹಳೆಯದನ್ನು ಅದರ ಜಾಗದಲ್ಲಿ ಕೂರಿಸುವುದು ಅನುಭವವಿದ್ದ ಮೇಸ್ತ್ರಿಗೆ ಕಷ್ಟವಲ್ಲ. ತೊಡಕಿರುವುದು ಬ್ಲಾಕಿನ ಮೇಲೆ ಒತ್ತಿರುವ ಎಂಜಿನ್ ಸಂಖ್ಯೆಯಲ್ಲಿ: ಗುಜರಿಯಿಂದ ಕೊಂಡು ತಂದ ಪೆಟ್ರೋಲ್ ಎಂಜಿನ್ ಅದೇ ಕಂಪನಿಯದು, ಅದೇ ಕಾಲದ್ದು, ಅದೇ ಅಳತೆಯದು ಆಗಿದ್ದರೂ ಅದರ ಸಂಖ್ಯೆ ಆ ಜೀಪಿನ ಆರ್.ಸಿ. ಪುಸ್ತಕದಲ್ಲಿ ಎಂದೂ ಇದ್ದುದಲ್ಲ. ಆದ್ದರಿಂದ ಮೂಲರೂಪಕ್ಕೆ ಮರಳಿದ ಜೀಪಿನ ಮಾಲೀಕನೂ ಎಂಜಿನ್ ಬದಲಾವಣೆಯ ಅರ್ಜಿ ಹಿಡಿದು ಆರ್.ಟಿ.ಓ. ಕಚೇರಿಗೆ ಹೋಗಬೇಕಾಗುತ್ತದೆ.