ಬಲೆ, ಮರ ಮತ್ತು ನಡುವಿನ ಸೇತುವೆ

ಸಾಫ್ಟ್‌ವೇರ್‌ನ ಇತಿಹಾಸವನ್ನು ಓದುವಾಗಲೆಲ್ಲ ನನಗದು ಯಂತ್ರಗಳ ಕಥೆಗಿಂತ ಭಾಷಾಂತರದ ಕಥೆಯಾಗಿಯೇ ಕಾಣುತ್ತದೆ. ಬಳಸುವವರು ತಮಗೇನು ಬೇಕೆಂದು ತಮ್ಮ ಮಾತಿನಲ್ಲಿ ಹೇಳುತ್ತಾರೆ; ಅದನ್ನು ಬಿಡಿಸಿ ನೋಡುವುದು ಅಗತ್ಯಗಳ ವಿಶ್ಲೇಷಣೆ. ಹೇಗೆ ಕಟ್ಟಬೇಕೆಂದು ನಿರ್ಧರಿಸುವುದು ವಿನ್ಯಾಸ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಏನು ಕಳೆದುಹೋಗುತ್ತದೆ?

1968ರ ಅಕ್ಟೋಬರಿನಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನೇಟೋ ಪ್ರಾಯೋಜಿಸಿದ ಸಮ್ಮೇಳನದಲ್ಲಿ ತಜ್ಞರು ಚರ್ಚಿಸಿದ್ದು ಸಾಫ್ಟ್‌ವೇರಿನ ಬಿಕ್ಕಟ್ಟನ್ನು. ಕೆಲಸ ಗಡುವು ಮೀರುತ್ತಿತ್ತು, ಖರ್ಚು ಅಂದಾಜು ಮೀರುತ್ತಿತ್ತು. ಮುಂದಿನ ದಶಕದಲ್ಲಿ ಎರಡು ಬಗೆಯ ಚಿತ್ರಗಳು ಪ್ರಚಾರಕ್ಕೆ ಬಂದವು. ಟಾಮ್ ಡಿಮಾರ್ಕೊ ಅವರ ವಿಶ್ಲೇಷಣೆಯ ಚಿತ್ರದಲ್ಲಿ ವೃತ್ತಗಳು, ಅವುಗಳ ನಡುವೆ ಮಾಹಿತಿ ಹರಿಯುವ ಬಾಣಗಳು, ನೋಡಲು ಬಲೆಯಂತೆ. ಎಡ್ವರ್ಡ್ ಯೂರ್ಡನ್ ಮತ್ತು ಲ್ಯಾರಿ ಕಾನ್‌ಸ್ಟಂಟೈನ್ ಅವರ ವಿನ್ಯಾಸದ ಚಿತ್ರ ತಲೆಕೆಳಗಾದ ಮರದಂತೆ. ಬಲೆಯನ್ನು ಮರವಾಗಿಸಲು ಒಂದು ಉಪಾಯವಿತ್ತು: ನಡುವಿನ ಮುಖ್ಯ ವೃತ್ತವನ್ನು ಹಿಡಿದು ಮೇಲೆತ್ತುವುದು, ಉಳಿದವು ಕೆಳಗೆ ಜೋತುಬೀಳುತ್ತವೆ. ಆದರೆ ಯಾವ ವೃತ್ತ ಮುಖ್ಯವೆಂಬುದು ವಿನ್ಯಾಸಕಾರನ ವಿವೇಚನೆಗೆ ಬಿಟ್ಟದ್ದು. ಮರವನ್ನು ನೋಡಿ ಬಲೆಯನ್ನು ಗುರುತಿಸುವುದು ಕಷ್ಟವಾಗುತ್ತಿತ್ತು.

ಇನ್ನೊಂದು ದಾರಿ ಇದಕ್ಕೂ ಮೊದಲೇ ನಾರ್ವೆಯಲ್ಲಿ ತೆರೆದಿತ್ತು. ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನಿಗಾರ್ಡ್ ರೂಪಿಸಿದ ಸಿಮುಲಾ ಭಾಷೆಯಲ್ಲಿ ಲೋಕದ ವಸ್ತುವೇ ಪ್ರೋಗ್ರಾಮಿನಲ್ಲೂ ವಸ್ತುವಾಗಿ ಉಳಿಯುತ್ತದೆ. ಹೆಸರು ಬದಲಾಗದಿದ್ದರೆ ಅರ್ಥ ಕಳೆದುಹೋಗುವ ಭಯವೂ ಕಡಿಮೆ.

ಸ್ವೀಡನ್ನಿನ ಇವಾರ್ ಜೇಕಬ್‌ಸನ್ 1992ರ ತಮ್ಮ ಪುಸ್ತಕದಲ್ಲಿ ಈ ಎರಡು ದಡಗಳ ನಡುವೆ ಒಂದು ಮೆಟ್ಟಿಲನ್ನಿಟ್ಟರು. ಗ್ರಂಥಾಲಯವನ್ನೇ ತೆಗೆದುಕೊಳ್ಳಿ. ‘ಸದಸ್ಯ ಪುಸ್ತಕ ಎರವಲು ಪಡೆಯುತ್ತಾನೆ’ ಎಂಬುದು ಬಳಕೆದಾರನ ಮಾತು, ಅಂದರೆ ಒಂದು ಯೂಸ್ ಕೇಸ್. ಅದರೊಳಗೆ ಮೂರು ಬಗೆಯ ವಸ್ತುಗಳನ್ನು ಹುಡುಕಬೇಕು: ಸದಸ್ಯನಿಗೆ ಕಾಣುವ ಪರದೆ, ಎರವಲಿನ ಕೆಲಸವನ್ನು ನಡೆಸುವ ನಿಯಂತ್ರಕ, ನೆನಪಿನಲ್ಲಿ ಉಳಿಯಬೇಕಾದ ಪುಸ್ತಕ. ವಾಕ್ಯ ಅಲ್ಲಿಯೇ ಇರುತ್ತದೆ, ವಿನ್ಯಾಸವೂ ಮೊಳೆಯುತ್ತದೆ. ಯೂಸ್ ಕೇಸ್ 1997ರಲ್ಲಿ ಮಾನಕವಾದ ಯುಎಂಎಲ್‌ನೊಳಗೂ ಸೇರಿತು.

ಸೇತುವೆಯಾಯಿತೆಂದು ನದಿ ಬತ್ತುವುದಿಲ್ಲ. ಡೇವಿಡ್ ಪಾರ್ನಸ್ ಮತ್ತು ಪಾಲ್ ಕ್ಲೆಮೆಂಟ್ಸ್ 1986ರಲ್ಲಿ ಬರೆದ ಪ್ರಬಂಧ ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ: ಯಾರೂ ಅಗತ್ಯದಿಂದ ವಿನ್ಯಾಸಕ್ಕೆ ನೇರ ದಾರಿಯಲ್ಲಿ ನಡೆಯುವುದಿಲ್ಲ, ಕಟ್ಟುವಾಗ ಹೊಸ ಅಗತ್ಯಗಳು ಹೊಳೆಯುತ್ತವೆ, ಹಿಂದಕ್ಕೆ ಹೋಗಬೇಕಾಗುತ್ತದೆ. ಆದರೂ ದಾಖಲೆಯನ್ನು ಕ್ರಮವಾಗಿ ನಡೆದಂತೆ ಬರೆದಿಡಿ, ಕೈಬಿಟ್ಟ ದಾರಿಗಳನ್ನೂ ಅವುಗಳ ಕಾರಣವನ್ನೂ ಬರೆದಿಡಿ ಎನ್ನುತ್ತಾರೆ ಅವರು.

ಈ ಮಾತು ಇಂದಿಗೂ ಮುಖ್ಯವೆಂದು ನಾನು ನಂಬುತ್ತೇನೆ. ಕೇಳಿದವರು ಬೇರೆಡೆ ಹೋಗುತ್ತಾರೆ, ಕಟ್ಟಿದವರು ಕೆಲಸ ಬದಲಿಸುತ್ತಾರೆ, ಪ್ರೋಗ್ರಾಮು ಮಾತ್ರ ವರ್ಷಗಟ್ಟಲೆ ಓಡುತ್ತಿರುತ್ತದೆ. ಅದು ಏನು ಮಾಡುತ್ತದೆಂದು ಸಾಲುಗಳನ್ನು ಓದಿ ತಿಳಿಯಬಹುದು. ಏಕೆ ಮಾಡುತ್ತದೆಂದು ಯಾರಾದರೂ ಬರೆದಿಟ್ಟಿರಬೇಕು.