ಮರ ಮತ್ತು ನಳಿಗೆ

ಮೈಸೂರಿನ ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದಾಗ ನನ್ನ ಹೆಗಲೇರಿದ್ದು ಗುಂಡು ಹಾರದ ರೈಫಲ್. ಪರೇಡಿಗೆಂದೇ ಉಳಿಸಿಕೊಂಡಿದ್ದ ತ್ರೀ ನಾಟ್ ತ್ರೀ, ನಾಲ್ಕು ಕಿಲೋ ತೂಕ. ಅದೇ ಮನೆತನದ ರೈಫಲ್ಲನ್ನು ನಿಜವಾಗಿ ಹಾರಿಸಿದ್ದು ಬಹಳ ವರ್ಷಗಳ ಮೇಲೆ, ಇಂಗ್ಲೆಂಡಿನಲ್ಲಿ, ನಾನಿರುವ ವೋಕಿಂಗ್ ಪಕ್ಕದ ಬಿಸ್ಲಿಯಲ್ಲಿ. ಹೆಸರು ಕೇಳಿದರೆ ಸಕಲೇಶಪುರದ ಕಡೆಯ ಬಿಸ್ಲೆ ಘಾಟಿ ನೆನಪಾಗುತ್ತದೆ. ಆದರೆ ಅಲ್ಲಿಯ ಜಡಿಮಳೆಯ ಮುಂದೆ ಇಲ್ಲಿಯದು ಬರೀ ತುಂತುರು. ಬ್ರಿಟನ್ನಿನ ರಾಷ್ಟ್ರೀಯ ರೈಫಲ್ ಸಂಘದ ಸ್ಪರ್ಧೆಗಳು 1890ರಿಂದ ಇಲ್ಲಿ ನಡೆಯುತ್ತಿವೆ.

ಕ್ಲಬ್ಬಿನವರು ಕೊಟ್ಟ ಹಳೆಯ ಲೀ-ಎನ್‌ಫೀಲ್ಡ್ ನಂಬರ್ 4ರಿಂದ ನಾನು ಹೊಡೆದ ಗುಂಡುಗಳು ಹಲಗೆಯ ತುಂಬ ಚೆಲ್ಲಾಡಿದವು. ಕೈ ನಡುಗಿತೆಂದು ನಾಚಿಕೊಂಡೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ರೈಫಲ್ ಖಾಲಿ ಮಾಡಿಸಿ, ಮಗುಚಿ, ಟ್ರಿಗರಿನ ಮುಂದಿದ್ದ ಸ್ಕ್ರೂವನ್ನು ತಿರುಗಿಸಿದರು. ಅರ್ಧ ಸುತ್ತು ಬಂತು. "ನಿಮ್ಮ ಕೈಯದಲ್ಲ, ಇದರ ತಪ್ಪು" ಎಂದರು. ಮುಂದಿನ ಐದು ಗುಂಡುಗಳು ಎರಡು ಅಂಗೈಯಗಲದೊಳಗೆ ಕೂತವು. ಅರ್ಧ ಸುತ್ತಿಗೆ ಇಷ್ಟು ಬೆಲೆಯೇ ಎಂಬ ಬೆರಗೇ ನನ್ನನ್ನು ಈ ರೈಫಲ್ಲಿನ ಚರಿತ್ರೆಗೆ ಎಳೆದದ್ದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಸೈನ್ಯ ಗಿಡ್ಡ ಲೀ-ಎನ್‌ಫೀಲ್ಡ್ ತಂದಾಗ ಗುರಿಕಾರರು ಮೂಗು ಮುರಿದಿದ್ದರು. ಹಿಂದಿನದಕ್ಕೆ 30 ಇಂಚಿನ ನಳಿಗೆ, ಇದಕ್ಕೆ 25. ನಿಜವಾದ ತೊಡಕು ಉದ್ದದ್ದಲ್ಲ, ಮರದ್ದು. ತೆಳ್ಳಗಿನ ನಳಿಗೆಗೆ ತುದಿಯವರೆಗೂ ಮರದ ಹೊದಿಕೆ. ಮರ ಮಳೆಯಲ್ಲಿ ಉಬ್ಬುತ್ತದೆ, ಬಿಸಿಲಲ್ಲಿ ಕುಗ್ಗುತ್ತದೆ, ನಳಿಗೆಯನ್ನು ಒಂದು ಮಗ್ಗುಲಿಗೆ ಒತ್ತುತ್ತದೆ. ಆಷಾಢದಲ್ಲಿ ಬಾಗಿಲು ಮುಚ್ಚಲಾಗದ ಮಲೆನಾಡಿನ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಂಗಾಳದ ಈಶಾಪುರದ ಕಾರ್ಖಾನೆಯಲ್ಲೂ ಈ ರೈಫಲ್ ತಯಾರಾಗುತ್ತಿತ್ತು. ಮರ ಸೀಳದಂತೆ ಅಡ್ಡಲಾಗಿ ಒಂದು ಸ್ಕ್ರೂ ಹಾಕುವ ರೂಢಿ ಅಲ್ಲಿಯದು.

ಬಿಸ್ಲಿಯ ಕುಶಲಕರ್ಮಿಗಳು ಕೈಯಿಟ್ಟದ್ದು ಇಲ್ಲಿಗೇ. ಅವರಲ್ಲಿ ಫುಲ್ಟನ್ ಮನೆತನದ್ದು ದೊಡ್ಡ ಹೆಸರು. ಜಾರ್ಜ್ ಫುಲ್ಟನ್ 1888ರಲ್ಲಿ ರಾಣಿಯ ಬಹುಮಾನ ಗೆದ್ದರು, ಮಗ ಆರ್ಥರ್ 1912, 1926 ಮತ್ತು 1931ರಲ್ಲಿ ರಾಜನ ಬಹುಮಾನ, ಮೊಮ್ಮಗ ರಾಬಿನ್ 1958ರಲ್ಲಿ ಮತ್ತೆ ರಾಣಿಯದು. ಇವರ ಅಂಗಡಿಯಲ್ಲಿ ರೈಫಲ್ಲಿನ ನಳಿಗೆ, ಬೋಲ್ಟುಗಳನ್ನು ಹೊಸದಾಗಿ ಮಾಡುತ್ತಿರಲಿಲ್ಲ. ಇದ್ದದ್ದನ್ನೇ ಸರಿಯಾಗಿ ಕೂರಿಸುತ್ತಿದ್ದರು. ಗುಂಡು ಹಾರಿದಾಗಿನ ಒದೆತ ತಾಗುವ ಜಾಗದಲ್ಲಿ ಎಣ್ಣೆ ಕುಡಿದು ಸವೆದ ಮರವನ್ನು ಕೆತ್ತಿ ತೆಗೆದು ಗಟ್ಟಿ ಮರದ ತುಂಡು ಕೂರಿಸುವುದು, ನಳಿಗೆ ಎಲ್ಲಿ ತಾಗಬೇಕೋ ಅಲ್ಲಿ ಮಾತ್ರ ತಾಗುವಂತೆ ಒಳಗಿನ ಕಾಲುವೆ ಹೆರೆಯುವುದು, ಸ್ಕ್ರೂಗಳನ್ನು ಅಳತೆಯಿಂದ ಬಿಗಿಯುವುದು. ಬಡಗಿಯ ಕೆಲಸವೇ ಹೆಚ್ಚು.

ಇನ್ನೊಂದು ಸುಧಾರಣೆ ಕಣ್ಣಿಗೆ ಸಂಬಂಧಿಸಿದ್ದು. ಮೊದಲು ಹಿಂಬದಿಯ ಗುರಿಗಂಡಿ ನಳಿಗೆಯ ನಡುವೆ, ಕಣ್ಣಿಂದ ದೂರವಿತ್ತು. ಪಾರ್ಕರ್-ಹೇಲ್ ಕಂಪನಿ ಸಣ್ಣ ತೂತಿನ ಗುರಿಸಾಧನವನ್ನು ಬೋಲ್ಟಿನ ಬಳಿಗೆ ತಂದು ಸ್ಕ್ರೂ ಹಾಕಿ ಕೂರಿಸುವಂತೆ ಮಾಡಿತು. ಎರಡನೆಯ ಮಹಾಯುದ್ಧದ ನಂಬರ್ 4ರಲ್ಲಿ ಸೈನ್ಯವೂ ಇದೇ ಜಾಗ ಒಪ್ಪಿತು. ಮುಂದಿನ ಮೊನೆಗೂ ಹಿಂದಿನ ಗಂಡಿಗೂ ನಡುವಿನ ಅಂತರ ಸುಮಾರು 19 ಇಂಚಿನಿಂದ 28 ಇಂಚಿಗೆ ಬೆಳೆಯಿತು. ಅಂತರ ಹೆಚ್ಚಿದಷ್ಟೂ ಕಣ್ಣಿನ ತಪ್ಪು ಕಡಿಮೆ.

ಯುದ್ಧದ ನಡುವೆ ಸ್ನೈಪರುಗಳಿಗೆ ರೈಫಲ್ ಬೇಕಾದಾಗಲೂ ಹೊಸ ವಿನ್ಯಾಸಕ್ಕೆ ಕಾಯಲಿಲ್ಲ. ಕಾರ್ಖಾನೆಯ ಪರೀಕ್ಷೆಯಲ್ಲಿ ಚೆನ್ನಾಗಿ ಹೊಡೆದ ನಂಬರ್ 4ಗಳನ್ನು ಆರಿಸಿ ಹಾಲಂಡ್ ಅಂಡ್ ಹಾಲಂಡ್ ಕಂಪನಿಗೆ ಕಳಿಸಿದರು. ನಮ್ಮ ರಾಜಮಹಾರಾಜರಿಗೆ ಬೇಟೆ ಬಂದೂಕು ಮಾಡಿಕೊಟ್ಟ ಸಂಸ್ಥೆಯೇ ಅದು. ಅಲ್ಲಿ ಎಡಮಗ್ಗುಲಿಗೆ ಎರಡು ಲೋಹದ ಬಿಲ್ಲೆ ಕೂರಿಸಿ, ದೂರದರ್ಶಕ ಜೋಡಿಸಿ, ಕೆನ್ನೆ ಆನಿಸಲು ಹಿಂಬದಿಗೆ ಮರದ ತುಂಡೊಂದನ್ನು ಸ್ಕ್ರೂ ಹಾಕಿದರು. ಒಂದರ ದೂರದರ್ಶಕ ಇನ್ನೊಂದಕ್ಕೆ ಹೋಗಬಾರದೆಂದು ಅದರ ಸಂಖ್ಯೆಯನ್ನು ರೈಫಲ್ಲಿನ ಮರದ ಮೇಲೂ ಒತ್ತಿದರು. ಜಾತಕ ಕೂಡಿದ ಜೋಡಿ! ಇಂಥವು 20,000ಕ್ಕೂ ಹೆಚ್ಚು ಸಿದ್ಧವಾದವು. ಕಪ್ಪು-ಪದಕಗಳಿಗಾಗಿ ಕಲಿತ ವಿದ್ಯೆಯ ಗುರಿ ಈಗ ಮನುಷ್ಯನಾಗಿದ್ದ. ಬಿಸ್ಲಿಯ ಗಾಜಿನ ಪೆಟ್ಟಿಗೆಗಳ ಮುಂದೆ ನಿಂತಾಗ ಈ ಎರಡನ್ನೂ ಬೇರೆ ಮಾಡಿ ನೋಡಲು ನನಗೆ ಸಾಧ್ಯವಾಗಿಲ್ಲ.

1970ರಲ್ಲಿ ಇವುಗಳಲ್ಲೇ ಹಲವನ್ನು ಬಿಚ್ಚಿ 7.62 ಮಿಲಿಮೀಟರಿನ ದಪ್ಪ ನಳಿಗೆ ಹಾಕಿದರು. ಎಲ್‌42 ಎಂದು ಹೆಸರಿಟ್ಟರು. ಆಗ ಮುಂದಿನ ಮರವನ್ನು ಅರ್ಧಕ್ಕೇ ಕತ್ತರಿಸಿ, ನಳಿಗೆಗೆ ಏನೂ ತಾಗದಂತೆ ಬಿಟ್ಟರು. ಮರವನ್ನು ಹದ ಮಾಡುವುದರಲ್ಲೇ ಕಳೆದ ಅರವತ್ತು ವರ್ಷಗಳ ಕೊನೆಗೆ ಸಿಕ್ಕ ಪರಿಹಾರ, ಮರವನ್ನೇ ದೂರವಿಡುವುದು. 1982ರ ಫಾಕ್‌ಲ್ಯಾಂಡ್ ಯುದ್ಧಕ್ಕೂ ಈ ರೈಫಲ್ ಹೋಗಿತ್ತು.

ಹಿರಿಯರಿಗೆ ನನ್ನ ಎನ್‌ಸಿಸಿ ದಿನಗಳ ಕಥೆ ಹೇಳಿದೆ. ಗಣರಾಜ್ಯೋತ್ಸವದ ಪರೇಡಿಗೆ ಮುನ್ನ ನಮ್ಮ ಸೀನಿಯರ್‌ಗಳು ಒಂದು ಗುಟ್ಟು ಹೇಳಿಕೊಡುತ್ತಿದ್ದರು. ಸಲಾಮಿ ಶಸ್ತ್ರ್ ಎಂದಾಗ ಅಂಗೈ ಬಡಿತಕ್ಕೆ ರೈಫಲ್ ಫಳಾರನೆ ಸದ್ದು ಮಾಡಬೇಕು. ಅದಕ್ಕಾಗಿ ಒಂದು ಸ್ಕ್ರೂವನ್ನು ಕೊಂಚ ಸಡಿಲ ಮಾಡಿಡಿ ಎಂದು. ಯಾವ ಸ್ಕ್ರೂ ಎಂದು ಹಿರಿಯರು ಕೇಳಿದರು. ಟ್ರಿಗರಿನ ಮುಂದಿನದು ಎಂದೆ. ಅವರು ತಲೆ ಮೇಲೆ ಕೈ ಹೊತ್ತು ಕೂತರು.