ಸೀರೆಯ ಅಂಚು, ಬೀದಿಯ ಧೂಳು

ಸ್ತ್ರೀಯರ ಉಡುಗೆಯ ಚರಿತ್ರೆಯನ್ನು ಬರೆಯುವವರು ಜರಿ, ಬಣ್ಣ, ನೇಯ್ಗೆಗಳನ್ನು ವಿಸ್ತಾರವಾಗಿ ವರ್ಣಿಸುವರು. ನೆಲವನ್ನು ಮುಟ್ಟುವ ಅಂಚಿನ ವಿಷಯದಲ್ಲಿ ಮಾತ್ರ ಮೌನವಾಗಿರುವರು. ಉಟ್ಟವಳಿಗೂ ಒಗೆದವಳಿಗೂ ಹೆಚ್ಚಿನ ಶ್ರಮವನ್ನು ಕೊಟ್ಟುದಾದರೋ ಆ ನಾಲ್ಕು ಬೆರಳಗಲದ ಅಂಚೇ.

ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಸ್ತ್ರೀಯರ ಲಂಗವು ನೆಲವನ್ನು ಗುಡಿಸುವಷ್ಟು ಉದ್ದವಾಗಿದ್ದಿತು. ಕೆಸರೂ ಕುದುರೆಯ ಲದ್ದಿಯೂ ತುಂಬಿದ ಬೀದಿಗಳಲ್ಲಿ ಅದನ್ನು ಕಾಪಾಡಲು ಲೋಹದ ಸಣ್ಣ ಚಿಮಟವೊಂದು ಬಳಕೆಗೆ ಬಂದಿತು. ಅದರ ಬಾಯಿಯಲ್ಲಿ ಎರಡು ದುಂಡನೆಯ ಬಿಲ್ಲೆಗಳು. ಬಟ್ಟೆ ಹರಿಯದಂತೆ ಅವುಗಳ ಒಳಮೈಗೆ ರಬ್ಬರಿನಂತಹ ಮೆತ್ತನೆಯ ಹೊದಿಕೆ. ಸೊಂಟದಿಂದ ಇಳಿಬಿಟ್ಟ ಸರಪಣಿಗೋ ದಾರಕ್ಕೋ ಇದನ್ನು ತಗುಲಿಸಿ, ಅಂಚನ್ನು ಕಚ್ಚಿಸಿ ಎಳೆದರೆ ಲಂಗವು ಮೇಲೇರುತ್ತಿದ್ದಿತು. ಇಂಗ್ಲೆಂಡಿನಲ್ಲಿ ಇದಕ್ಕೆ ‘ಪೇಜ್’ ಎಂಬ ಹೆಸರೂ ಉಂಟು. ದೊಡ್ಡವರ ಉಡುಪಿನ ಹಿಂಸೆರಗನ್ನು ಎತ್ತಿಹಿಡಿಯುತ್ತಿದ್ದ ಊಳಿಗದ ಹುಡುಗನ ಹೆಸರದು. ಹುಡುಗನನ್ನಿಡಲಾರದ ಮನೆಯಲ್ಲಿ ಚಿಮಟವೇ ಆ ಊಳಿಗವನ್ನು ಮಾಡಿತು. 1870ರ ದಶಕದಲ್ಲಿ, ಬಿಚ್ಚಿ ಒಗೆಯಬಹುದಾದ ನೆರಿಗೆಪಟ್ಟಿಯನ್ನು ಲಂಗದ ಒಳಗೆ ಹೊಲಿಯುವ ರೂಢಿಯೂ ಹಬ್ಬಿತು. 1809ರಲ್ಲಿ ಸ್ಥಾಪಿತವಾದ ಬೆಂಗಳೂರಿನ ದಂಡಿಗೆ ಆಂಗ್ಲ ಸ್ತ್ರೀಯರೊಡನೆ ಬಂದ ಉಡುಪು ಇದೇ.

ದಂಡನ್ನು ಬಿಟ್ಟು, ಪೇಟೆಯನ್ನು ದಾಟಿ, ಪಶ್ಚಿಮಕ್ಕೆ ಕೆಂಗೇರಿಯ ಸೀಮೆಗೆ ಬಂದರೆ ಚಿಮಟದ ಅವಶ್ಯಕತೆಯೇ ಇರಲಿಲ್ಲ. ನಮ್ಮ ಉಪಾಯವು ಉಡುವ ಕ್ರಮದಲ್ಲಿಯೇ ಅಡಗಿದ್ದಿತು. 16 ಅಥವಾ 18 ಮೊಳದ ಸೀರೆಗೆ ಕಚ್ಚೆ ಹಾಕಿದವಳ ಕಾಲು ನಡೆಗೆ ಬಿಡುವಾಗಿರುತ್ತಿದ್ದಿತು; ಕೆಸರಿಗಿಳಿಯುವವಳು ನೆರಿಗೆಯನ್ನೆತ್ತಿ ಸೊಂಟಕ್ಕೆ ಸಿಕ್ಕಿಸುತ್ತಿದ್ದಳು; ಉಳ್ಳವರಲ್ಲಿ ಬೆಳ್ಳಿಯ ಡಾಬು ಅದನ್ನು ಭದ್ರಪಡಿಸುತ್ತಿದ್ದಿತು.

ಕಚ್ಚೆ ಹಿಂದಾಗಿ, ಪಾದ ಮುಚ್ಚುವಂತೆ ಆರು ಗಜದ ಸೀರೆಯನ್ನುಡುವುದು ರೂಢಿಯಾದ ಬಳಿಕ ನಮ್ಮ ಅಂಚಿಗೂ ಕಾವಲು ಬೇಕಾಯಿತು. ರಾಜಾಜಿನಗರ, ವಿಜಯನಗರಗಳ ಹೊಲಿಗೆಯಂಗಡಿಗಳಲ್ಲಿ ಇಂದು ಹಾಕಿಕೊಡುವ ‘ಫಾಲ್ಸ್’ ಆ ಕಾವಲು: ಸುಮಾರು ಎರಡೂವರೆ ಮೀಟರು ಉದ್ದದ, ಸೀರೆಯ ಬಣ್ಣಕ್ಕೊಪ್ಪುವ ಪಟ್ಟಿ. ಮೊದಲೇ ನೀರಿನಲ್ಲಿ ನೆನೆಸದೆ ಹೊಲಿದರೆ ಅದು ಒಗೆತದಲ್ಲಿ ಕುಗ್ಗಿ ಅಂಚನ್ನೇ ಸುಕ್ಕುಗಟ್ಟಿಸುವುದು. ಹೊರಗಿನಿಂದ ಕಾಣದಂತೆ ಹಾಕುವ ಆ ಹೊಲಿಗೆಯೇ ಎಷ್ಟೋ ಗೃಹಿಣಿಯರ ಸಂಪಾದನೆಯೂ ಆಗಿದೆ.

ಯೂರೋಪಿನಲ್ಲಿ 1914ರ ಮಹಾಯುದ್ಧದ ಕಾಲಕ್ಕೆ ಲಂಗವು ಮೋಟಾಯಿತು. ಚಿಮಟಕ್ಕೆ ಕೆಲಸ ತಪ್ಪಿತು. ಲೋಹದ್ದಾದುದರಿಂದ ಅದು ಉಳಿದು ಪ್ರಾಚೀನ ವಸ್ತುವೆನಿಸಿತು. ನಮ್ಮ ಪಟ್ಟಿಯೋ ಸವೆದೊಡನೆ ಚಿಂದಿಯಾಗುವುದು. ಸೆರಗು ಸಿಕ್ಕಿಸುವ ಬಗೆಯಂತೂ ಕೈಯ ನೆನಪಿನಲ್ಲಿ ಮಾತ್ರ ಇರುವಂಥದು. ಆದುದರಿಂದ ವಾಚಕರು ತಮ್ಮ ಮನೆಯ ವೃದ್ಧೆಯರನ್ನು ಕೇಳಿ, ಅವರು ಉಟ್ಟ ಕ್ರಮವನ್ನು ಬರೆದಿಡಬೇಕೆಂದು ಪ್ರಾರ್ಥನೆ. ಆ ಕೈಗಳು ಮರೆಯಾದರೆ ತೋರಿಸುವುದಕ್ಕೆ ಚಿಮಟವೂ ನಮ್ಮಲ್ಲಿಲ್ಲ.